ಸೇಲ್ಸ್ ಕೆಲಸದ ಇಂಟರ್‌ವ್ಯೂ: ಕಾನೂನು ನಿಮ್ಮ ಜೊತೆ ನಿಲ್ಲುವುದು ಎಲ್ಲಿಂದ?

ಔರಾದ್‌ನಿಂದ ಬೆಳಗಿನ ಬಸ್ಸು ಹಿಡಿದು, ಸಂತಪುರ ದಾಟಿ ಬೀದರಿಗೆ ಬಂದ ಹುಡುಗನಿಗೆ ಮೊದಲ ದಿನ ಹೆಸರು ಬರೆಸಿ ಕಳಿಸುತ್ತಾರೆ. ಎರಡನೆಯ ಸಲ ಬಂದರೆ, “ಸಾಹೇಬ್ರು ಹೈದರಾಬಾದಿನಿಂದ ಬಂದಿಲ್ರಿ, ಸೋಮವಾರ ಬರ್ರಿ.” ಮತ್ತೆ ಬಂದು ಸಂಬಳದ ಮಾತು ತೆಗೆದರೆ, “ಮೊದ್ಲು ಒಂದಿನ ಫೀಲ್ಡ್ ನೋಡ್ರಿ.” ಭಾಲ್ಕಿಯಿಂದ ಬರುವ ಹುಡುಗಿಯ ಕಥೆಯೂ ಇದೇ. ಫೈನಾನ್ಸ್, ಇನ್ಶೂರೆನ್ಸ್, ವಾಟರ್ ಫಿಲ್ಟರ್, ಬೀಜ-ಗೊಬ್ಬರ, ಸರಕು ಯಾವುದಾದರೂ ಹೊಸಬರ ಅಲೆದಾಟ ಒಂದೇ.

ಕಹಿಯಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಖಾಸಗಿ ಕಂಪನಿ ಕೆಲಸ ಕೊಡಲೇಬೇಕೆಂದು ಒತ್ತಾಯಿಸುವ ಹಕ್ಕು ಕಾನೂನಿನಲ್ಲಿಲ್ಲ. ಏಕೆ ಬಿಟ್ಟರೆಂದು ಕಾರಣ ಹೇಳುವ ಹೊಣೆಯೂ ಅವರಿಗಿಲ್ಲ. ಸಂವಿಧಾನದ 16ನೇ ವಿಧಿಯ ಸಮಾನ ಅವಕಾಶ ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು. ನಮ್ಮ ಭಾಗದ 371ಜೆ ಮೀಸಲಾತಿಯೂ ಖಾಸಗಿ ಕಚೇರಿಯ ಹೊಸ್ತಿಲು ದಾಟುವುದಿಲ್ಲ. ಆದರೆ ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ತಾರತಮ್ಯ ಮಾಡುವುದನ್ನು ವೇತನ ಸಂಹಿತೆ ತಡೆಯುತ್ತದೆ. ತೃತೀಯ ಲಿಂಗಿಗಳಿಗೆ 2019ರ ಕಾಯ್ದೆಯ, ಎಚ್‌ಐವಿ ಇರುವವರಿಗೆ 2017ರ ಕಾಯ್ದೆಯ ರಕ್ಷಣೆ ಖಾಸಗಿಯಲ್ಲೂ ಇದೆ. ಸಂದರ್ಶನದ ಕೋಣೆಯಲ್ಲಿ ಅಸಭ್ಯ ಮಾತು, ವರ್ತನೆ ನಡೆದರೆ, ಕೆಲಸಕ್ಕೆ ಇನ್ನೂ ಸೇರದ ಮಹಿಳೆಯೂ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಮೂರು ತಿಂಗಳೊಳಗೆ ದೂರು ಕೊಡಬಹುದು. ಹತ್ತು ಜನರೂ ಇಲ್ಲದ ಕಚೇರಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬೇಕು.

ಇಷ್ಟು ಬಿಟ್ಟರೆ, ಅವರು ನಿಮ್ಮಿಂದ ಏನಾದರೂ ಪಡೆದ ಕ್ಷಣದಿಂದ ಕಾನೂನು ನಿಮ್ಮ ಕಡೆ ಬರುತ್ತದೆ. ಹಣ, ಅಸಲು ಅಂಕಪಟ್ಟಿ, ಒಂದು ದಿನದ ದುಡಿಮೆ, ಒಂದು ಸಹಿ: ಇವುಗಳ ಮೇಲೆ ಕಣ್ಣಿಡಿ.

ರಿಜಿಸ್ಟ್ರೇಷನ್, ಟ್ರೇನಿಂಗ್, ಯೂನಿಫಾರ್ಮ್, ಐಡಿ ಕಾರ್ಡ್ ಎಂದು ಯಾವ ಹೆಸರಲ್ಲಿ ಹಣ ಕೇಳಿದರೂ ಕೊಡಬೇಡಿ. ಇಲ್ಲದ ಕೆಲಸವನ್ನು ತೋರಿಸಿ ದುಡ್ಡು ಕಿತ್ತುಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ, ಏಳು ವರ್ಷದವರೆಗೆ ಶಿಕ್ಷೆಯಿದೆ. ಫೋನ್‌ಪೇ, ಗೂಗಲ್‌ಪೇಯಲ್ಲಿ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮುನ್ನವೇ ತಡೆಯಲು ಆಗ ಅವಕಾಶವಿರುತ್ತದೆ. “ನಿಮ್ಮ ಕೆಳಗೆ ನಾಲ್ಕು ಜನರನ್ನು ಸೇರಿಸಿದರೆ ಕಮಿಷನ್” ಎಂದರೆ ಅದು ನೌಕರಿಯೇ ಅಲ್ಲ. ಜನರನ್ನು ಸೇರಿಸಿದ್ದಕ್ಕೇ ಹಣ ಹಂಚುವ ಪಿರಮಿಡ್ ಯೋಜನೆಯನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಬಂಧುಗಳನ್ನು ಅದಕ್ಕೆ ಎಳೆದವರೂ ಕೇಸಿನಲ್ಲಿ ಸಿಕ್ಕಿಬೀಳಬಹುದು.

ಅಸಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತೋರಿಸಿ, ಅಲ್ಲೇ ವಾಪಸ್ ಪಡೆಯಿರಿ. ಝೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ “ಇಂಥ ಕಂಪನಿಯ ಸಂದರ್ಶನಕ್ಕೆ ಮಾತ್ರ” ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿ. ಆಧಾರ್ ಪ್ರತಿಗೂ ಹಾಗೆಯೇ. ಅಸಲು ಈಗಾಗಲೇ ಅವರ ಕೈಯಲ್ಲಿದ್ದರೆ, ಯಾವ ದಿನ ಯಾರಿಗೆ ಕೊಟ್ಟೆ ಎಂದು ಬರೆದು, ವಾಪಸ್ ಕೇಳಿ ಸ್ಪೀಡ್ ಪೋಸ್ಟ್ ಮಾಡಿ. ಅಂಚೆಯ ರಸೀದಿ ಮುಂದೆ ಪೊಲೀಸ್ ದೂರಿಗೆ ಆಧಾರವಾಗುತ್ತದೆ.

ಫೀಲ್ಡ್ ಟ್ರಯಲ್ ನನಗೆ ಬಹಳ ನೋವು ಕೊಡುವ ಪದ್ಧತಿ. ಬೀದರಿನ ಬಿಸಿಲಲ್ಲಿ ಮನೆಮನೆಗೆ ಅಲೆದು, ಸ್ವಂತ ಬೈಕಿನ ಪೆಟ್ರೋಲ್ ಸುಟ್ಟು, ಸಂಜೆಗೆ “ನಿಮಗೆ ಹೇಳಿ ಕಳಿಸ್ತೀವ್ರಿ” ಎನ್ನಿಸಿಕೊಂಡು ಬರುವವರು ಎಷ್ಟೋ ಜನ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 70ನೇ ಕಲಮು. ಒಂದು ದಿನದ ಕೂಲಿಗೆ ಯಾರೂ ಕೋರ್ಟು ಹತ್ತಲಾರರು, ನಿಜ. ಅದಕ್ಕೇ ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಕೇಳಿ: “ನಾಳೆಯ ಫೀಲ್ಡ್‌ಗೆ ಎಷ್ಟು ಕೊಡುತ್ತೀರಿ? ಪೆಟ್ರೋಲ್ ಯಾರದು?” ಉತ್ತರ ಬಂದರೆ ಅದು ಸಾಕ್ಷಿ, ಬಾರದಿದ್ದರೆ ಬಸ್ ಚಾರ್ಜು ಉಳಿಯಿತು.

ಕೆಲಸ ಸಿಕ್ಕರೆ ನೇಮಕಾತಿ ಪತ್ರ ಕೇಳಿ ಪಡೆಯಿರಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 6ಎ ಕಲಮಿನಂತೆ ಮೂವತ್ತು ದಿನದೊಳಗೆ ಅದನ್ನು ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ನೇಮಕಾತಿ ಪತ್ರದ ನಿಯಮವಿದೆ. ಬಿಟ್ಟು ಹೋದರೂ, ತೆಗೆದುಹಾಕಿದರೂ, ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂಬುದು ಈಗಿನ ನಿಯಮ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ.

ಬಾಂಡ್ ಎಂದರೆ ಹೆದರಬೇಕಿಲ್ಲ, ಹಗುರವಾಗಿಯೂ ಕಾಣಬಾರದು. ನಮ್ಮ ಕರ್ನಾಟಕದಿಂದಲೇ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ, ಮೂರು ವರ್ಷ ದುಡಿಯದೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬ ಷರತ್ತನ್ನು ಎತ್ತಿಹಿಡಿಯಿತು. ಆದರೆ ಅಲ್ಲಿದ್ದದ್ದು ಸರ್ಕಾರಿ ಬ್ಯಾಂಕು, ಅಧಿಕಾರಿಯ ಹುದ್ದೆ, ಹೆಚ್ಚು ಖರ್ಚಿನ ನೇಮಕಾತಿ ಪ್ರಕ್ರಿಯೆ. ಎರಡು ದಿನ ಮಾತಿನ ತರಬೇತಿ ಕೊಟ್ಟು ಲಕ್ಷ ಕೇಳುವವರು, ಕರಾರು ಕಾಯ್ದೆಯ 74ನೇ ಕಲಮಿನಂತೆ ಸಮಂಜಸ ಪರಿಹಾರಕ್ಕಿಂತ ಹೆಚ್ಚು ಪಡೆಯಲಾರರು. ಖಾಲಿ ಚೆಕ್ಕಿಗೆ ಮಾತ್ರ ಎಂದೂ ಸಹಿ ಹಾಕಬೇಡಿ. ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸು ನಿಮ್ಮ ಮೇಲೆಯೇ ಬರಬಹುದು.

ನಮ್ಮದು ಗಡಿ ಜಿಲ್ಲೆ. ಕಚೇರಿ ಉದಗೀರಿನಲ್ಲೋ ಹೈದರಾಬಾದಿನಲ್ಲೋ ಇದ್ದರೆ ಠಾಣೆಯಲ್ಲಿ “ಅಲ್ಲಿಗೇ ಹೋಗಿ” ಎನ್ನಬಹುದು. ಹಾಗೆ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಎಲ್ಲೇ ನಡೆದಿರಲಿ, ಔರಾದ್ ಠಾಣೆಯಲ್ಲೇ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ. ದಾಖಲಿಸದಿದ್ದರೆ ಬೀದರ್ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ದೂರಿನಲ್ಲಿ ತಾರೀಖು, ಫೋನ್ ನಂಬರು, ಹಣ ಹೋದ ಯುಟಿಆರ್ ಸಂಖ್ಯೆ ಇರಲಿ. ಸ್ಕ್ರೀನ್‌ಶಾಟ್ ತೆಗೆದ ಮೇಲೂ ಮೂಲ ಸಂದೇಶ ಅಳಿಸಬೇಡಿ.

ವಕೀಲರ ಫೀಸಿಗೆ ಅಂಜುವವರು ಬೀದರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ, ಭಾಲ್ಕಿ, ಔರಾದ್ ಕೋರ್ಟುಗಳ ತಾಲ್ಲೂಕು ಸಮಿತಿಗೋ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಉಳಿದ ಹೆಚ್ಚಿನವರಿಗೆ ಆದಾಯದ ಮಿತಿಯಿದೆ. ಫೋನಿನಲ್ಲಾದರೆ 15100. ಕೆಲಸ ಕೊಡಿಸುತ್ತೇವೆಂದು ಫೀಸು ಪಡೆದ ಏಜೆನ್ಸಿ ಕೈಕೊಟ್ಟಿದ್ದರೆ ಬೀದರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಹಾಕಬಹುದು. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಅರ್ಜಿಗೆ ಶುಲ್ಕವಿಲ್ಲ, ನೀವೇ ನಿಂತು ವಾದಿಸಲೂ ಬಹುದು.