ಒಡೆದ ಮನೆಯ ಜಲ್ಲಿಯಲ್ಲೇ ಪಾರ್ಕಿಂಗ್ ನೆಲ

ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಹಳೆ ಮನೆ ಒಡೆದು ಪಿ.ಜಿ. ಕಟ್ಟಡ ಎಬ್ಬಿಸದ ಬೀದಿ ಅಪರೂಪ. ಒಡೆದ ಕಾಂಕ್ರೀಟ್ ಟ್ರ್ಯಾಕ್ಟರ್ ಹತ್ತಿ ಖಾಲಿ ಸೈಟಿಗೋ ಕೆರೆಯಂಚಿಗೋ ಹೋಗುತ್ತದೆ. ಅದೇ ಮಾಲೀಕರು ಹೊಸ ಜಲ್ಲಿಗೆ ದುಡ್ಡು ಸುರಿಯುತ್ತಾರೆ. ಆ ಕಾಂಕ್ರೀಟನ್ನು ಯಂತ್ರದಲ್ಲಿ ಒಡೆದು ಜರಡಿ ಹಿಡಿದು ಪಡೆದ ಮರುಬಳಕೆ ಜಲ್ಲಿಗೆ ಐಎಸ್ 383 ಮಾನದಂಡ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಸರಳಿಲ್ಲದ ಕಾಂಕ್ರೀಟಿಗೆ ಒಟ್ಟು ಜಲ್ಲಿಯ ಶೇ 25, ಸರಳಿದ್ದರೆ ಶೇ 20, ಅದೂ ಎಂ25 ದರ್ಜೆಯವರೆಗೆ ಮಾತ್ರ. ಎಂ15ಕ್ಕಿಂತ ಕೆಳಗಿನ ಬೆಡ್ ಕಾಂಕ್ರೀಟಿಗೆ ಪೂರ್ತಿ ಬಳಸಬಹುದು.

ಮೊದಲ ಸಲ ಮಾಡುವವರು ಕಾಲಂ, ಬೀಮ್, ತಾರಸಿಯ ತಂಟೆಗೆ ಹೋಗದಿರುವುದೇ ಒಳ್ಳೆಯದು. ಇಲ್ಲಿನ ವಿಧಾನ ಗಟ್ಟಿ ಮಣ್ಣಿನ ಮೇಲೆ ಸರಳಿಲ್ಲದೆ 5 ಇಂಚು ದಪ್ಪ ಹಾಕುವ ಪಾರ್ಕಿಂಗ್ ನೆಲಕ್ಕೆ. ಅಡಿಯಲ್ಲಿ ಸಂಪ್ ಇದ್ದರೆ ಅದರ ಮುಚ್ಚುಸ್ಲ್ಯಾಬಿಗೆ ಇದು ಬೇಡ.

1. ಒಡೆಯುವಾಗಲೇ ಬೇರ್ಪಡಿಸಿ. ಕಾಂಕ್ರೀಟ್ ಒಂದು ಕಡೆ, ಇಟ್ಟಿಗೆ, ಟೈಲ್ಸ್ ಇನ್ನೊಂದು ಕಡೆ. ಫಾಲ್ಸ್ ಸೀಲಿಂಗಿನ ಪಿಒಪಿ ಚೂರಂತೂ ಬೆರೆಯಲೇಬಾರದು. ಅದರ ಸಲ್ಫೇಟ್ ಸಿಮೆಂಟಿನ ಜತೆ ಸೇರಿ ಉಬ್ಬಿ ಕಾಂಕ್ರೀಟನ್ನು ಬಿರಿಸುತ್ತದೆ. ಸೈಟಿನಲ್ಲಿ ಸುತ್ತಿಗೆಯಿಂದ ಒಡೆದ ಚೂರು ನೆಲದಡಿ ತುಂಬುವುದಕ್ಕಷ್ಟೇ ಸರಿ. 20 ಎಂಎಂ ಜಲ್ಲಿಯನ್ನು ಚಿಕ್ಕಜಾಲದಂಥ ಮರುಬಳಕೆ ಘಟಕದಿಂದ, ಪರೀಕ್ಷಾ ವರದಿ ಕೇಳಿಯೇ ತನ್ನಿ.

2. ಹಿಂದಿನ ಸಂಜೆ ನೆನೆಸಿ. ಇಡೀ ಕೆಲಸ ಕೆಡುವುದು ಇಲ್ಲೇ. ಹಳೆ ಜಲ್ಲಿಯ ಮೈಗೆ ಹಳೆ ಗಾರೆ ಅಂಟಿರುತ್ತದೆ, ಅದು ನೀರು ಕುಡಿಯುತ್ತದೆ. ಒಣ ಜಲ್ಲಿ ಹಾಕಿದರೆ ಮಿಕ್ಸರಿನಲ್ಲೇ ನೀರು ಹೀರಿಕೊಂಡು ಕಾಂಕ್ರೀಟ್ ಗಟ್ಟಿಯಾಗುತ್ತದೆ, ಮೇಸ್ತ್ರಿ ಇನ್ನೊಂದು ಬಕೆಟ್ ಸುರಿಯುತ್ತಾರೆ, ಬಲ ಅಲ್ಲಿಗೇ ಹೋಯಿತು. ರಾತ್ರಿಯಿಡೀ ನೆನೆದ ಜಲ್ಲಿಯನ್ನು ಬೆಳಿಗ್ಗೆ ಬಸಿಯಿರಿ. ಕೈಗೆ ತಣ್ಣಗಿರಬೇಕು, ಮೇಲೆ ನೀರು ಹೊಳೆಯಬಾರದು. ನೆನೆಸಲು ಕಾವೇರಿ ನೀರು ಬೇಡ: ಬರದ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತ್ತು.

3. ಫೈಬರ್ ಅಳೆದು ಹಾಕಿ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರಿನ 12 ಎಂಎಂ ಎಳೆಗಳು ಸಾಮಾನ್ಯವಾಗಿ ಒಂದು ಮೂಟೆ ಸಿಮೆಂಟಿಗೆ 125 ಗ್ರಾಂ ಲೆಕ್ಕದಲ್ಲಿ ಬೇಕು. ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ ಮೇಲ್ಮೈ ಒಣಗಿ ಬೀಳುವ ಕೂದಲೆಳೆ ಬಿರುಕನ್ನು ಇವು ತಡೆಯುತ್ತವೆ. ‘ಸಾರ್, ಇದಿದ್ರೆ ಕಂಬಿನೇ ಬೇಡ’ ಎನ್ನುವ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಈ ಪುಟ್ಟ ಎಳೆಗಳು ಸರಳಿನ ಬದಲಿ ಅಲ್ಲ.

4. ಕಲಸುವುದು. ಎಂ20 ದರ್ಜೆಗೆ ಒಂದು ಮೂಟೆ ಸಿಮೆಂಟ್. 35 ಲೀಟರಿನ ಪೆಟ್ಟಿಗೆಯಲ್ಲಿ ಒಂದೂವರೆ ಪೆಟ್ಟಿಗೆ ಎಂ ಸ್ಯಾಂಡ್, ಮೂರು ಪೆಟ್ಟಿಗೆ ಜಲ್ಲಿ. ಜಲ್ಲಿಯಲ್ಲಿ ಮುಕ್ಕಾಲು ಪೆಟ್ಟಿಗೆ ಮರುಬಳಕೆಯದು. ನೀರು 30 ಲೀಟರ್ ಮೀರಬಾರದು, ಮರಳು ಹಸಿಯಿದ್ದರೆ ಇನ್ನೂ ಕಡಿಮೆ. ಜಲ್ಲಿ, ಸ್ವಲ್ಪ ನೀರು ಹಾಕಿ ಮಿಕ್ಸರ್ ತಿರುಗುತ್ತಿರುವಾಗಲೇ ಫೈಬರನ್ನು ಬಿಡಿಸಿ ಉದುರಿಸಿ. ಒಟ್ಟಿಗೆ ಎಸೆದರೆ ಉಂಡೆಗಟ್ಟುತ್ತದೆ. ಆಮೇಲೆ ಮರಳು, ಸಿಮೆಂಟ್, ಉಳಿದ ನೀರು. ಫೈಬರ್ ಸೇರಿದ ಕಾಂಕ್ರೀಟ್ ನೋಡಲು ಬಿಗಿ ಎನಿಸುತ್ತದೆ. ಸಡಿಲ ಬೇಕಿದ್ದರೆ ಪ್ಲಾಸ್ಟಿಸೈಸರ್ ಹಾಕಿ, ನೀರಲ್ಲ.

5. ಹಾಕಿದ ಮೇಲೆ. ಮಟ್ಟ ಮಾಡುವಾಗ ಅಲ್ಲಲ್ಲಿ ಎಳೆ ಎದ್ದು ಕಂಡರೆ ಗಾಬರಿ ಬೇಡ, ಚಕ್ರ ಓಡಾಡಿ ಸವೆಯುತ್ತದೆ. 24 ಗಂಟೆಯೊಳಗೆ ಸುಮಾರು ಹತ್ತು ಅಡಿಗೊಂದರಂತೆ, ದಪ್ಪದ ಕಾಲುಭಾಗ ಆಳಕ್ಕೆ ಗೀರು ಕತ್ತರಿಸಿ. ಫೈಬರ್ ಇದೆಯೆಂದು ಇದನ್ನು ಬಿಡುವಂತಿಲ್ಲ. ಗೋಣಿಚೀಲ ಹಾಸಿ, ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ, ಬೇಸಿಗೆಯಲ್ಲಿ 14 ದಿನ ಒದ್ದೆಯಾಗಿಡಿ.

ಕಲಸಿದ ದಿನವೇ 150 ಎಂಎಂನ ಮೂರು ಕ್ಯೂಬ್ ಹಾಕಿಸಿ, 28ನೇ ದಿನ ಪ್ರಯೋಗಾಲಯದಲ್ಲಿ ಒಡೆಸಿ. ವರದಿ ಕೈಗೆ ಬರುವವರೆಗೂ ನೀರಿನ ಟ್ಯಾಂಕರ್ ಗೇಟಿನಾಚೆಯೇ ನಿಲ್ಲಲಿ, ಪೈಪ್ ಎಳೆದುಕೊಂಡರಾಯಿತು.