ಬ್ಯಾಲೆ ನೃತ್ಯದ ಉಡುಪು

ನಟನಿಗೆ ಮಾತುಂಟು, ಗಾಯಕನಿಗೆ ಕಂಠವುಂಟು; ಯೂರೋಪಿನ ಬ್ಯಾಲೆ ನರ್ತಕಿಗೆ ಇರುವುದು ದೇಹವೊಂದೇ. ಆ ದೇಹವನ್ನು ಮುಚ್ಚುವ ಬಟ್ಟೆ ಅದರ ಮಾತನ್ನು ಮುಚ್ಚಬಾರದು. ಬ್ಯಾಲೆ ಉಡುಪಿನ ಕಲೆಗೆ ಈ ನಿಯಮವೇ ಮೂಲವೆಂದು ನನಗೆ ತೋರುತ್ತದೆ.

18ನೆಯ ಶತಮಾನದ ಆದಿಯಲ್ಲಿ ಪ್ಯಾರಿಸಿನ ನರ್ತಕಿಯರು ಅರಮನೆಯ ಹೆಂಗಸರಂತೆ ಭಾರವಾದ ನೀಳ ಲಂಗಗಳನ್ನು ತೊಡುತ್ತಿದ್ದರು. ಮಾರಿ ಕಮಾರ್ಗೊ ಎಂಬಾಕೆ ಪಾದಗಳು ಕಾಣುವಷ್ಟು ಲಂಗವನ್ನು ಮೋಟು ಮಾಡಿಸಿದಳು. ಅವಳ ಚುರುಕಾದ ಹೆಜ್ಜೆಗಳು ಜನರಿಗೆ ಕಾಣಬೇಕಾಗಿದ್ದವು. 1832ರಲ್ಲಿ ‘ಲಾ ಸಿಲ್ಫೀಡ್’ ಎಂಬ ಬ್ಯಾಲೆಯಲ್ಲಿ ಮಾರಿ ತಾಲ್ಯೋನಿ ಗಾಳಿಯ ಕನ್ಯೆಯಾಗಿ ಕುಣಿದಳು. ಅವಳ ಗಂಟೆಯಾಕಾರದ ಬಿಳಿಯ ತೆಳುಲಂಗ ಗ್ಯಾಸ್ ದೀಪದ ಬೆಳಕಿನಲ್ಲಿ ಮಂಜಿನಂತೆ ತೋರುತ್ತಿತ್ತು. ಪಾತ್ರದ ಸ್ವಭಾವವನ್ನು ಬಟ್ಟೆಯೇ ನುಡಿಯಿತು.

ಇದೇ ಲಂಗ ಆ ಶತಮಾನದ ಕೊನೆಗೆ ಇನ್ನೂ ಮೋಟಾಗಿ ‘ಟೂಟೂ’ ಆಯಿತು. ಬಲೆಯಂಥ ಬಟ್ಟೆಯ ಹಲವು ಪದರಗಳಿಗೆ ನೆರಿಗೆ ಹಿಡಿದು, ಕೆಳಗಿನವನ್ನು ಗಿಡ್ಡವಾಗಿಯೂ ಮೇಲಿನವನ್ನು ಅಗಲವಾಗಿಯೂ ಹೊಲಿಯುತ್ತಾರೆ. ಪದರವನ್ನು ಪದರವೇ ಎತ್ತಿ ಹಿಡಿಯುತ್ತದೆ. ಕುಪ್ಪಸವು ಮೈಗೆ ಅಂಟಿಕೊಂಡಿರಬೇಕು, ಆದರೆ ಉಸಿರು ಕಟ್ಟಬಾರದು. ಕಂಕುಳಿನ ಅಳತೆ ತಪ್ಪಿದರೆ ಅಂಗಿಯೇ ತಪ್ಪಿದಂತೆ ಎಂದು ನಮ್ಮ ತಂದೆಯವರು ಹೇಳುವುದುಂಟು. ಹೊಲಿಗೆಯಿಂದಲೇ ನನ್ನನ್ನು ಓದಿಸಿದವರು ಅವರು. ಬ್ಯಾಲೆಯ ದರ್ಜಿಗೂ ಇದು ತಿಳಿದಿದೆ. ತೋಳೆತ್ತಿದಾಗ ಕುಪ್ಪಸ ಮೇಲೇಳದಿರಲೆಂದು ಎಷ್ಟೋ ವೇಳೆ ಅವನು ತೋಳುಗಳನ್ನು ಕುಪ್ಪಸಕ್ಕೆ ಹೊಲಿಯದೆ ಬೇರೆಯಾಗಿಯೇ ಮಾಡುತ್ತಾನೆ.

ಆದರೆ ಸೊಬಗಿಗೂ ದೇಹದ ಕ್ಷೇಮಕ್ಕೂ ವಿರೋಧ ಬಂದರೆ? ಆ ತೆಳುಲಂಗಗಳಿಗೆ ಗ್ಯಾಸ್ ದೀಪದ ಜ್ವಾಲೆ ತಾಕುವ ಭಯವಿತ್ತು. ಬೆಂಕಿ ಹಿಡಿಯದಂತೆ ಬಟ್ಟೆಯನ್ನು ಔಷಧದ ನೀರಿನಲ್ಲಿ ಅದ್ದುವ ಕ್ರಮವೂ ಬಂದಿತ್ತು; ಅದ್ದಿದ ಬಟ್ಟೆ ಮಾತ್ರ ಬಿರುಸಾಗಿ, ಬಣ್ಣಗೆಡುತ್ತಿತ್ತು. ಪ್ಯಾರಿಸಿನ ಎಮ್ಮಾ ಲಿವ್ರಿ ಅದನ್ನು ಒಲ್ಲೆನೆಂದಳು. 1862ರ ನವೆಂಬರಿನಲ್ಲಿ ಅಭ್ಯಾಸದ ವೇಳೆ ಅವಳ ಲಂಗಕ್ಕೆ ಬೆಂಕಿ ತಗುಲಿತು. ಎಂಟು ತಿಂಗಳು ನರಳಿ 1863ರಲ್ಲಿ ತೀರಿಕೊಂಡಳು. ಬೆಂಕಿ ತಗುಲಿದಾಗ ಅವಳಿಗೆ 20 ವರ್ಷ, ನಮ್ಮ ತರಗತಿಯವರ ವಯಸ್ಸು.

ಅವಳನ್ನು ದೂರುವುದು ಸುಲಭ. ಆದರೆ ಮಂಜಿನಂತೆ ತೇಲಬೇಕೆಂದು ಅವಳಿಂದ ಬಯಸಿದವರು ನೋಡುವ ಜನರಲ್ಲವೆ? ಹಗುರವೂ ಚೆಲುವೂ ಆಗಿದ್ದು ಅಪಾಯವಿಲ್ಲದ ಬಟ್ಟೆಯನ್ನು ಅವಳ ಕೈಗೆ ಕೊಡಲು ಆ ಕಾಲಕ್ಕೆ ಆಗಲಿಲ್ಲ. ಉಡುಪನ್ನು ರಚಿಸುವವನು ಮೊದಲು ಕಾಗದದ ಮೇಲೆ ಚಿತ್ರ ಬರೆಯುತ್ತಾನೆ, ನಿಜ. ಆದರೆ ಅದನ್ನು ತೊಡುವುದು ಉಸಿರಾಡುವ, ಬೆವರುವ, ಸುಡಬಹುದಾದ ಒಂದು ದೇಹ. ಇದನ್ನು ಮರೆಯದಿರುವುದೇ ಈ ಕಲೆಯ ಮೊದಲ ಪಾಠವೆಂದು ನಾನು ತಿಳಿದಿದ್ದೇನೆ.