ಕಲೋನ್ ನೋಡುವ ಮೊದಲು ಕಾಲು ನೋಡಿಕೊಳ್ಳಿ

ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋಗುವ ತಂದೆತಾಯಿಯರು ಈಗ ಅಪರೂಪವಲ್ಲ. ವೀಸಾ, ವಿಮೆ, ಸ್ವೆಟರ್, ಚಟ್ನಿಪುಡಿ ಎಲ್ಲವನ್ನೂ ತಿಂಗಳ ಮೊದಲೇ ಹೊಂದಿಸಿಕೊಳ್ಳುತ್ತಾರೆ. ಅಲ್ಲಿ ಇಡೀ ದಿನ ತಮ್ಮನ್ನು ಹೊತ್ತು ತಿರುಗಬೇಕಾದ ಪಾದಗಳನ್ನು ಮಾತ್ರ ಮರೆಯುತ್ತಾರೆ.

ರೈನ್ ನದಿಯ ದಂಡೆಯ ಕಲೋನ್ ನಗರವನ್ನೇ ನೋಡಿ. ಜ್ವರ ಬಂದಾಗ ನಮ್ಮ ಹಿರಿಯರು ಹಣೆಗೆ ಹಚ್ಚುತ್ತಿದ್ದ ಯೂಡಿಕೊಲೋನ್‌ಗೆ ಹೆಸರು ಬಂದದ್ದು ಈ ಊರಿನಿಂದಲೇ. ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ 157 ಮೀಟರ್ ಎತ್ತರದ ಕೆಥೆಡ್ರಲ್ ಚರ್ಚ್. 1248ರಲ್ಲಿ ಆರಂಭವಾದ ಈ ಕಟ್ಟಡ ಮುಗಿದದ್ದು 1880ರಲ್ಲಿ. ಅದರ ದಕ್ಷಿಣ ಗೋಪುರ ಹತ್ತಲು 533 ಮೆಟ್ಟಿಲುಗಳಿವೆ. ಪ್ರವಾಸಿಗಳಿಗೆ ಲಿಫ್ಟ್ ಇಲ್ಲ. ಆಮೇಲೆ ಕಲ್ಲು ಹಾಸಿದ ಹಳೆಯ ಪೇಟೆಯ ಓಣಿಗಳು, ಪ್ರೇಮಿಗಳು ಸಾಲುಸಾಲಾಗಿ ಬೀಗ ಹಾಕಿರುವ ಹೊಹೆನ್‌ಜೋಲರ್ನ್ ಸೇತುವೆ, ನದಿಯ ದಂಡೆ. ಗಂಟೆಗೆ ಮೂರೂವರೆ ಕಿ.ಮೀ.ನಂತೆ ಮೂರು ಗಂಟೆ ನಡೆದರೂ ಹತ್ತು ಕಿ.ಮೀ. ದಾಟುತ್ತದೆ. ಬೆಳಿಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ಹಾಕುವವರಿಗೆ ಇದು ದೊಡ್ಡ ಪರೀಕ್ಷೆಯೇ ಸರಿ.

ನೋವಿಲ್ಲದ ಗಾಯವೇ ಅಪಾಯ

ಹೊಸ ಬೂಟು ಹಿಮ್ಮಡಿಗೆ ಉಜ್ಜಿದರೆ ನೀರುಗುಳ್ಳೆ ಏಳುತ್ತದೆ. ಆರೋಗ್ಯವಂತರಿಗೆ ಕೂಡಲೇ ಉರಿ ತಿಳಿಯುತ್ತದೆ, ಅವರು ಕುಳಿತುಬಿಡುತ್ತಾರೆ. ಆದರೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಪಾದದ ನರಗಳು ಮಂದವಾಗಿರಬಹುದು. ಅಂಥವರಿಗೆ ಗುಳ್ಳೆ ಎದ್ದದ್ದೂ ಗೊತ್ತಾಗದು, ಒಡೆದದ್ದೂ ಗೊತ್ತಾಗದು. ಸಂಜೆಯವರೆಗೂ ಅದರ ಮೇಲೆಯೇ ನಡೆಯುತ್ತಾರೆ. ಪಾದಕ್ಕೆ ರಕ್ತ ಸಂಚಾರವೂ ಕಡಿಮೆಯಾಗಿದ್ದರೆ ಗಾಯ ಬೇಗ ಮಾಯದು, ಕೀವಾಗುತ್ತದೆ. ಹೀಗೆ ಸಣ್ಣ ಗುಳ್ಳೆಯಿಂದ ಆರಂಭವಾಗಿ ಬೆರಳನ್ನೋ ಪಾದವನ್ನೋ ಕಳೆದುಕೊಂಡವರಿದ್ದಾರೆ. 'ನನಗೆ ನೋವೇ ಇಲ್ಲ' ಎಂಬುದು ಅವರ ಪಾಲಿಗೆ ಸಮಾಧಾನದ ಮಾತಲ್ಲ, ಎಚ್ಚರಿಕೆಯ ಗಂಟೆ.

ಹೊರಡುವ ಮೊದಲು

* ಬೂಟನ್ನು ಒಂದು ತಿಂಗಳ ಮೊದಲೇ, ಸಂಜೆಯ ಹೊತ್ತು ಕೊಳ್ಳಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿರಲಿ. ಮನೆಯಲ್ಲೇ ತೊಟ್ಟು ಪಳಗಿಸಿ.

* ದಿನಕ್ಕೆ ಹತ್ತು ನಿಮಿಷದಂತೆ ನಡಿಗೆಯನ್ನು ವಾರವಾರವೂ ಹೆಚ್ಚಿಸಿ. ಮೆಟ್ಟಿಲು ಹತ್ತುವುದನ್ನಷ್ಟೇ ಅಲ್ಲ, ಇಳಿಯುವುದನ್ನೂ ಅಭ್ಯಾಸ ಮಾಡಿ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರ ತಡೆಯಬೇಕಾಗುವುದರಿಂದ ನೋವು ಮರುದಿನ, ಅದರ ಮರುದಿನ ಜೋರಾಗುತ್ತದೆ.

* ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮಂಡಿನೋವು ಇರುವವರು ವೈದ್ಯರಿಗೆ ಪಾದ ತೋರಿಸಿ, ಗೋಪುರ ಹತ್ತಬಹುದೇ ಎಂದು ಕೇಳಿಯೇ ಹೊರಡಿ. ಇನ್ಸುಲಿನ್ ಮತ್ತು ಮಾತ್ರೆಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಔಷಧಿಯ ಚೀಟಿಯೂ ಜೊತೆಗಿರಲಿ.

ಸುತ್ತಾಡುವ ದಿನ

ವಿಮಾನದಿಂದಿಳಿದ ಮರುದಿನವೇ ಗೋಪುರಕ್ಕೆ ಹೊರಡಬೇಡಿ. ಹತ್ತುವ ದಿನವೂ ನಿಧಾನವಿರಲಿ. ಸುಮಾರು ಅರ್ಧ ದಾರಿಯಲ್ಲಿ 24 ಟನ್ ತೂಕದ, 1923ರಲ್ಲಿ ಎರಕ ಹೊಯ್ದ ಘಂಟೆ ಇದೆ. ಅದನ್ನು ನೋಡುವ ನೆಪದಲ್ಲಿ ದಣಿವಾರಿಸಿಕೊಳ್ಳಿ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ. ಮೇಲೆ ಹೋಗದಿದ್ದರೆ ನಷ್ಟವೇನಿಲ್ಲ. ಕೆಳಗಿನಿಂದಲೂ ಚರ್ಚ್ ಭವ್ಯವಾಗಿಯೇ ಕಾಣುತ್ತದೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಹೆಚ್ಚು ನಡೆದಾಗ ರಕ್ತದ ಸಕ್ಕರೆ ಇಳಿಯಬಹುದು. ಕೈ ನಡುಕ, ಬೆವರು, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಜೇಬಿನಲ್ಲಿ ಗ್ಲೂಕೋಸ್ ಇಲ್ಲವೇ ಸಕ್ಕರೆ ಇರಲಿ. ಊಟದ ಹೊತ್ತು ಮೀರಿಸಬೇಡಿ. ಶೌಚಾಲಯಕ್ಕೆ ಹಣ ಕೊಡಬೇಕೆಂದು ನೀರು ಕುಡಿಯದೆ ಇರುವವರಿದ್ದಾರೆ, ಅದು ತಪ್ಪು. ಮಧ್ಯಾಹ್ನ ಬೂಟು ಕಳಚಿ, ಒದ್ದೆಯಾದ ಕಾಲುಚೀಲ ಬದಲಿಸಿ.

ರಾತ್ರಿ ಐದು ನಿಮಿಷ

ಮನೆಗೆ ಬಂದ ಮೇಲೆ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿ. ಬಗ್ಗಲಾಗದಿದ್ದರೆ ಕನ್ನಡಿ ಹಿಡಿಯಿರಿ, ಇಲ್ಲವೇ ಮಕ್ಕಳಿಗೆ ತೋರಿಸಿ; ಸಂಕೋಚ ಬೇಡ. ಗುಳ್ಳೆಯನ್ನು ಚುಚ್ಚಬೇಡಿ. ತಾನಾಗಿ ಒಡೆದಿದ್ದರೆ ಸೋಪು ನೀರಿನಲ್ಲಿ ತೊಳೆದು, ಮೇಲಿನ ಚರ್ಮ ಕೀಳದೆ, ಶುಭ್ರವಾದ ಪಟ್ಟಿ ಕಟ್ಟಿ. ಯೂಡಿಕೊಲೋನ್ ಸುರಿಯಬೇಡಿ, ಅದರಲ್ಲಿರುವುದು ಮದ್ಯಸಾರ. ಸ್ಪರ್ಶ ಮಂದವಾಗಿರುವವರು ದಣಿವಾಯಿತೆಂದು ಬಿಸಿನೀರಿನಲ್ಲಿ ಕಾಲಿಟ್ಟರೆ ಸುಟ್ಟದ್ದೂ ತಿಳಿಯದು.

ಸಕ್ಕರೆ ಕಾಯಿಲೆಯವರ ಪಾದದಲ್ಲಿ ಗಾಯ ಕಂಡರೆ ಊರಿಗೆ ಮರಳುವವರೆಗೆ ಕಾಯದೆ ಅಲ್ಲಿಯೇ ವೈದ್ಯರನ್ನು ಕಾಣಬೇಕು. ಜರ್ಮನಿಯಲ್ಲಿ ರಾತ್ರಿ ಮತ್ತು ರಜಾದಿನಗಳಲ್ಲಿ ವೈದ್ಯರ ನೆರವಿಗೆ 116117, ಪ್ರಾಣಾಪಾಯವಿದ್ದರೆ 112. ವಿಮಾನ ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುವುದು ನಡಿಗೆಯ ದಣಿವಲ್ಲದಿರಬಹುದು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ತಡಮಾಡದೆ 112ಕ್ಕೆ ಕರೆ ಮಾಡಿ.

ಕಟ್ಟಿ ಮುಗಿಸಲು ಆರು ನೂರಕ್ಕೂ ಹೆಚ್ಚು ವರ್ಷ ಹಿಡಿದ ಚರ್ಚ್ ನಾಳೆಯೂ ಅಲ್ಲೇ ಇರುತ್ತದೆ. ಅದನ್ನು ನೋಡಿ ನಿಮ್ಮ ಕಾಲ ಮೇಲೆಯೇ ಮನೆಗೆ ಮರಳುವುದು ಮುಖ್ಯ.